ರಕ್ತಸ್ರಾವದ ಶಾಕ್: ಯಾವ ಬಾಟಲಿ ಮೊದಲು, ವಿಟಮಿನ್ ಸಿ ಯಾವಾಗ?

“ಡಾಕ್ಟ್ರೇ, ಮೊದ್ಲು ಒಂದು ಗ್ಲೂಕೋಸ್ ಏರ್ಸಿ.” ಬೈಕಿನಿಂದ ಬಿದ್ದು ಬಂದವನ ಅಣ್ಣನೋ ಭಾವನೋ ಕ್ಯಾಶುವಾಲ್ಟಿ ಬಾಗಿಲಲ್ಲಿ ಹೇಳುವ ಮೊದಲ ಮಾತು ಬಹುಪಾಲು ಇದೇ. ಅವರ ಬಾಯಲ್ಲಿ ಗ್ಲೂಕೋಸ್ ಅಂದರೆ ಸ್ಟ್ಯಾಂಡಿಗೆ ನೇತುಹಾಕುವ ಯಾವುದೇ ಬಾಟಲಿ, ಹಾಗಾಗಿ ಮಾತಿನಲ್ಲಿ ತಪ್ಪು ಹುಡುಕಬೇಕಿಲ್ಲ. ಆದರೆ ಲೇಬಲ್ ಮೇಲೆ 5% ಡೆಕ್ಸ್‌ಟ್ರೋಸ್ ಎಂದು ಬರೆದಿರುವ ನಿಜವಾದ ಗ್ಲೂಕೋಸ್, ರಕ್ತ ಹೋದವನಿಗೆ ಏರಿಸಬಾರದ ಬಾಟಲಿ. ಸಕ್ಕರೆಯನ್ನು ದೇಹ ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ಅದು ಮೈಯ ಕೋಶಗಳೊಳಗೆಲ್ಲ ಹಂಚಿಹೋಗಿ, ಲೀಟರ್ ಏರಿಸಿದರೂ 100 ಮಿಲಿಯಷ್ಟು ಕೂಡ ರಕ್ತನಾಳದಲ್ಲಿ ನಿಲ್ಲುವುದಿಲ್ಲ.

ರಕ್ತ ಹೋಗಿ ಅಂಗಾಂಗಗಳಿಗೆ ಆಮ್ಲಜನಕ ಸಾಲದಾಗುವ ಸ್ಥಿತಿಯೇ ರಕ್ತಸ್ರಾವದ ಶಾಕ್. ಅದಕ್ಕೆ ಮಿಕ್ಕ ಬಾಟಲಿಗಳಲ್ಲಿ ಯಾವುದು? ಎಷ್ಟು? ಈಚೆಗೆ ಕಿರಿಯ ವೈದ್ಯರು ಕೇಳುವ ಇನ್ನೊಂದು ಪ್ರಶ್ನೆಯೂ ಇದೆ: ಶಾಕ್‌ನಲ್ಲಿ ಫ್ರೀ ರ್‍ಯಾಡಿಕಲ್‌ಗಳು ಎಂಬ ಉಗ್ರ ಅಣುಗಳು ಅಂಗಾಂಗ ಕೆಡಿಸುತ್ತವಂತಲ್ಲ, ಜೊತೆಗೆ ವಿಟಮಿನ್ ಸಿ ಹಾಕಿದರೆ ಹೇಗೆ? ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬಾಟಲಿಯ ದ್ರವ, ವಿಟಮಿನ್ ಇವೆರಡೂ ಒಂದೇ ಸಾಲಿನಲ್ಲಿಟ್ಟು ಆರಿಸುವ ವಸ್ತುಗಳಲ್ಲ. ರಕ್ತ ನಿಲ್ಲಿಸುವುದು ಎಷ್ಟು ತಡವಾಗುತ್ತದೋ ಫ್ರೀ ರ್‍ಯಾಡಿಕಲ್‌ಗಳ ಹಾವಳಿ ಅಷ್ಟು ಹೆಚ್ಚು. ಆ ತಡವನ್ನು ಯಾವ ವಿಟಮಿನ್ನೂ ತುಂಬಿಕೊಡುವುದಿಲ್ಲ. ಆದರೆ ನಾವು ಆರಿಸುವ ದ್ರವ ಆ ಹಾವಳಿಯನ್ನು ಹೆಚ್ಚಿಸಲೂಬಹುದು, ತಗ್ಗಿಸಲೂಬಹುದು.

ಒಳಗೆ ಏನಾಗುತ್ತದೆ

70 ಕಿಲೋ ತೂಗುವ ವಯಸ್ಕನಲ್ಲಿ ಸುಮಾರು 5 ಲೀಟರ್ ರಕ್ತ. ಮುಕ್ಕಾಲು ಲೀಟರ್ ಹೋದರೂ ಮೇಲ್ನೋಟಕ್ಕೆ ಏನೂ ಗೊತ್ತಾಗದಿರಬಹುದು. ಒಂದೂವರೆ ಲೀಟರ್ ಹೋಗುವ ಹೊತ್ತಿಗೆ ನಾಡಿ ಓಡುತ್ತದೆ, ಕೈಕಾಲು ತಣ್ಣಗಾಗುತ್ತವೆ, ಬಿಪಿ ಮಾತ್ರ ಇನ್ನೂ ಗಟ್ಟಿಯಾಗಿ ನಿಂತಿರಬಹುದು. ಅದನ್ನು ದಾಟಿದರೆ ಬಿಪಿ ಬೀಳುತ್ತದೆ, 2 ಲೀಟರ್ ಮೀರಿದರೆ ಜೀವಕ್ಕೇ ಸಂಚಕಾರ. ಹೊಸಬರು ಮೋಸಹೋಗುವುದು ಹಿಮೋಗ್ಲೋಬಿನ್ ರಿಪೋರ್ಟ್ ನೋಡಿ. ಈಗತಾನೆ ರಕ್ತ ಹೋದವನಲ್ಲಿ ಅದು 13 ಇದ್ದರೂ ಇರಬಹುದು. ಪಾತ್ರೆಯ ಅರ್ಧ ಸಾರು ಚೆಲ್ಲಿದರೂ ಉಳಿದ ಸಾರಿನ ರುಚಿ ಬದಲಾಗುವುದಿಲ್ಲವಲ್ಲ, ಹಾಗೆ. ಅದಕ್ಕಿಂತ ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ ನೋಡಿ. 1 ದಾಟಿದ್ದರೆ ಓಡಬೇಕು.

ಕೆಡುಕು ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಆಮ್ಲಜನಕದ ಬರ. ಕರುಳು, ಲಿವರ್, ಕಿಡ್ನಿಗಳ ಕೋಶಗಳಲ್ಲಿ ಶಕ್ತಿಯ ನಾಣ್ಯವಾದ ಎಟಿಪಿ ಒಡೆದು ಹೈಪೊಕ್ಸಾಂಥೀನ್ ಎಂಬ ವಸ್ತು ಗುಡ್ಡೆ ಬೀಳುತ್ತದೆ, ಮೈಟೋಕಾಂಡ್ರಿಯಾದಲ್ಲಿ ಸಕ್ಸಿನೇಟ್ ಸೇರಿಕೊಳ್ಳುತ್ತದೆ. ಎರಡನೇ ಕಂತು ಶುರುವಾಗುವುದು ರಕ್ತ ಮರಳಿ ಹರಿದಾಗ. ಬರಗಾಲದಲ್ಲಿ ಬಿರುಕುಬಿಟ್ಟ ಕೆರೆ ಏರಿಗೆ ಮೊದಲ ಮಳೆಯ ನೀರೇ ಶತ್ರುವಾಗುವ ಹಾಗೆ, ಮರಳಿ ಬಂದ ಆಮ್ಲಜನಕವನ್ನು ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಸೂಪರ್‌ಆಕ್ಸೈಡ್ ಎಂಬ ಫ್ರೀ ರ್‍ಯಾಡಿಕಲ್ ಆಗಿ ಮಾರ್ಪಡಿಸುತ್ತದೆ. ಬಿಡಿಯಾಗಿ ಸಿಕ್ಕ ಕಬ್ಬಿಣದ ಅಂಶ ಅದರ ಮುಂದಿನ ರೂಪವನ್ನು ಇನ್ನಷ್ಟು ಉಗ್ರವಾಗಿಸುತ್ತದೆ. ಬಿಳಿ ರಕ್ತಕಣಗಳೂ ಸೇರಿಕೊಂಡು ರಕ್ತನಾಳದ ಒಳಪದರವನ್ನೇ ಕಿತ್ತುಹಾಕುತ್ತವೆ. 1980ರ ದಶಕದ ಆರಂಭದಲ್ಲಿ ಗ್ರೇಂಜರ್ ಮತ್ತು ಮೆಕ್‌ಕಾರ್ಡ್ ಬೆಕ್ಕಿನ ಕರುಳಿನಲ್ಲಿ ಇದನ್ನು ತೋರಿಸಿದಾಗಿನಿಂದ, “ಹಾಗಾದರೆ ಅವನ್ನು ತಣಿಸುವ, ವಿಟಮಿನ್ ಸಿಯಂಥ ಆಂಟಿಆಕ್ಸಿಡೆಂಟ್ ಕೊಟ್ಟರಾಯಿತು” ಎಂಬ ಆಸೆ ಪ್ರಯೋಗಾಲಯಗಳಲ್ಲಿ ಬದುಕಿಕೊಂಡೇ ಬಂದಿದೆ.

ತುಂಬ ಕೊಡುವುದೋ, ಅಳೆದು ಕೊಡುವುದೋ

ಯಾವ ಬಾಟಲಿ ಎನ್ನುವುದಕ್ಕಿಂತ ಎಷ್ಟು ಬಾಟಲಿ ಎಂಬುದೇ ದೊಡ್ಡ ಪ್ರಶ್ನೆ. ಮೊದಲ ಮಹಾಯುದ್ಧದ ಗಾಯಾಳುಗಳನ್ನು ನೋಡಿದ ವಾಲ್ಟರ್ ಕ್ಯಾನನ್ 1918ರಲ್ಲೇ ಎಚ್ಚರಿಸಿದ್ದರು: ರಕ್ತ ನಿಲ್ಲಿಸಲು ಶಸ್ತ್ರವೈದ್ಯ ಸಿದ್ಧನಾಗುವ ಮುಂಚೆ ಬಿಪಿ ಏರಿಸಿದರೆ, ಕಷ್ಟಪಟ್ಟು ಉಳಿದುಕೊಂಡ ರಕ್ತವೂ ಹರಿದುಹೋಗುತ್ತದೆ. ಆ ಮಾತು ಮರೆತೇಹೋಯಿತು. 1960ರ ದಶಕದಲ್ಲಿ ಟಾಮ್ ಶೈರ್ಸ್ ಮತ್ತವರ ಸಂಗಡಿಗರು ಶಾಕ್‌ನಲ್ಲಿ ಕೋಶಗಳ ಹೊರಗಿನ ನೀರೂ ಬತ್ತುತ್ತದೆ, ಅದನ್ನೂ ತುಂಬಬೇಕು ಎಂದರು. ಹೋದ ರಕ್ತದ ಮೂರು ಪಟ್ಟು ಸಲೈನ್ ಎಂಬ ಲೆಕ್ಕ ಪಠ್ಯಪುಸ್ತಕ ಸೇರಿತು. ವಿಯೆಟ್ನಾಮ್ ಯುದ್ಧದಲ್ಲಿ ಹೀಗೆ ತುಂಬಿಸಿಕೊಂಡು ಬದುಕಿದ ಸೈನಿಕರಲ್ಲಿ ಕೆಲವರು ಒಂದೆರಡು ದಿನದಲ್ಲಿ ಶ್ವಾಸಕೋಶ ಕೆಟ್ಟು ಒದ್ದಾಡಿದರು. ಅದಕ್ಕೆ ಅಲ್ಲಿನ ದನಾಂಗ್ ಊರಿನ ಮೇಲೆ ದನಾಂಗ್ ಶ್ವಾಸಕೋಶ ಎಂಬ ಹೆಸರೇ ಬಿತ್ತು.

1994ರಲ್ಲಿ ಹ್ಯೂಸ್ಟನ್‌ನ ಅಧ್ಯಯನವೊಂದು ಗಾಳಿಯ ದಿಕ್ಕು ತಿರುಗಿಸಿತು. ಎದೆ ಅಥವಾ ಹೊಟ್ಟೆಗೆ ಗುಂಡೇಟು, ಚೂರಿ ಇರಿತವಾಗಿ ಬಿಪಿ ಬಿದ್ದ 598 ಮಂದಿಯಲ್ಲಿ ಒಂದು ಗುಂಪಿಗೆ ದಾರಿಯಲ್ಲೇ ದ್ರವ ಶುರು, ಇನ್ನೊಂದಕ್ಕೆ ಆಪರೇಷನ್ ಥಿಯೇಟರ್ ತಲುಪುವವರೆಗೂ ಇಲ್ಲ. ತಡವಾಗಿ ಪಡೆದವರಲ್ಲಿ 70% ಬದುಕಿದರು, ಕೂಡಲೇ ಪಡೆದವರಲ್ಲಿ 62%. ಇದನ್ನು ನಮ್ಮಲ್ಲಿಗೆ ಹಾಗೇ ತಂದು ಅಂಟಿಸಬಾರದು. ಅವರು ಬಹುಪಾಲು ಹರೆಯದವರು, ಆಸ್ಪತ್ರೆ ಹತ್ತಿರವಿತ್ತು, ಗಾಯ ಚೂಪಿನದು. ನಮ್ಮಲ್ಲಿ ಬರುವುದು ಲಾರಿ ಗುದ್ದಿ ತೊಡೆ, ಸೊಂಟದ ಮೂಳೆ ಮುರಿದವರು, ಅದೂ ಎರಡು ಆಸ್ಪತ್ರೆ ಸುತ್ತಿ, ಮೂರು ಗಂಟೆ ಆಂಬುಲೆನ್ಸ್‌ನಲ್ಲಿ ಕುಲುಕಿ.

ಆದರೂ ತಿರುಳು ನಿಲ್ಲುತ್ತದೆ. ನಾಳದ ತೂತಿನ ಬಾಯಿಗೆ ಕೂತ ಎಳೆಯ ಹೆಪ್ಪನ್ನು ಏರಿಸಿದ ಬಿಪಿ ಕಿತ್ತೊಗೆಯುತ್ತದೆ. ಸಲೈನ್ ಹೆಚ್ಚಾದಷ್ಟೂ ರಕ್ತ ನೀರುಮಜ್ಜಿಗೆಯಾಗಿ, ಹೆಪ್ಪುಗಟ್ಟಿಸುವ ಅಂಶಗಳು ತೆಳುವಾಗುತ್ತವೆ. ಬಾಟಲಿ ತಣ್ಣಗಿದ್ದರೆ ಮೈ ತಣಿದು, ಆ ಅಂಶಗಳ ಕೆಲಸವೂ ಮಂದ. ಮಳೆಗಾಲದ ಮಡಿಕೇರಿಯಲ್ಲಿ ರಾತ್ರಿ ಕಪಾಟಿನಿಂದ ತೆಗೆದ ಬಾಟಲಿಯನ್ನು ಹಾಗೇ ಏರಿಸುವುದೂ ಒಂದು ಗಾಯವೇ.

ಹಾಗಾಗಿ ರಕ್ತ ನಿಲ್ಲುವವರೆಗೆ ಮೇಲಿನ ಬಿಪಿ 80–90ರ ಆಸುಪಾಸಿನಲ್ಲಿದ್ದು, ಮಣಿಕಟ್ಟಿನ ನಾಡಿ ಕೈಗೆ ಸಿಗುತ್ತಾ, ಕರೆದರೆ ಓಗೊಡುತ್ತಿದ್ದರೆ ಸಾಕು. ಒಮ್ಮೆಗೆ 250 ಮಿಲಿ, ಆಮೇಲೆ ಮತ್ತೆ ನಾಡಿ ನೋಡುವುದು. ತಲೆಗೆ ಪೆಟ್ಟಾದವರಿಗೆ ಈ ಸಲಿಗೆ ಇಲ್ಲ. ಮಿದುಳಿಗೆ ರಕ್ತದೊತ್ತಡ ಬೇಕೇ ಬೇಕು, ಅವರಲ್ಲಿ ಮೇಲಿನ ಬಿಪಿ 110 ಆದರೂ ಇರಲಿ.

ಆರ್‌ಎಲ್ ಮತ್ತು ಎನ್‌ಎಸ್

ನಮ್ಮ ಆಸ್ಪತ್ರೆಗಳಲ್ಲಿ ನಿಜವಾಗಿ ಕೈಗೆ ಸಿಗುವುದು ರಿಂಗರ್ಸ್ ಲ್ಯಾಕ್ಟೇಟ್ (ಆರ್‌ಎಲ್), ನಾರ್ಮಲ್ ಸಲೈನ್ (ಎನ್‌ಎಸ್) ಇವೆರಡು. ನಾರ್ಮಲ್ ಸಲೈನ್ ಹೆಸರಿಗಷ್ಟೇ ನಾರ್ಮಲ್. ಅದರಲ್ಲಿ ಲೀಟರಿಗೆ 154 ಮಿಲಿಮೋಲ್ ಕ್ಲೋರೈಡ್, ನಮ್ಮ ರಕ್ತದಲ್ಲಿ ಇರುವುದು 100ರ ಸುತ್ತಮುತ್ತ. ಮೂರ್ನಾಲ್ಕು ಲೀಟರ್ ಹೋದರೆ ರಕ್ತ ಆಮ್ಲೀಯವಾಗುತ್ತದೆ, ಕಿಡ್ನಿಯ ನಾಳಗಳು ಮುದುಡುತ್ತವೆ. ಶಾಕ್ ಆದವನ ರಕ್ತ ಮೊದಲೇ ಆಮ್ಲೀಯ, ಅದರ ಮೇಲೆ ಇದೂ ಒಂದು.

ರಿಂಗರ್ಸ್ ಲ್ಯಾಕ್ಟೇಟ್‌ನ ಹುಟ್ಟಿನ ಕತೆ ಚೆನ್ನಾಗಿದೆ. ಲಂಡನ್ನಿನ ಸಿಡ್ನಿ ರಿಂಗರ್ 1880ರ ದಶಕದಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಸುತ್ತಿದ್ದಾಗ, ಸಹಾಯಕ ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಬಳಸಿದ್ದ. ಅದರಲ್ಲಿದ್ದ ಕ್ಯಾಲ್ಸಿಯಂನಿಂದಲೇ ಹೃದಯ ಬಡಿಯುತ್ತಿತ್ತು ಎಂಬುದು ಆಮೇಲೆ ತಿಳಿಯಿತು. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಅದಕ್ಕೆ ಲ್ಯಾಕ್ಟೇಟ್ ಸೇರಿಸಿದರು. ಕ್ಲೋರೈಡ್ 109ರ ಹತ್ತಿರ, ರಕ್ತಕ್ಕೆ ಎಷ್ಟೋ ಸಮೀಪ. “ಶಾಕ್‌ನಲ್ಲಿ ಲ್ಯಾಕ್ಟೇಟ್ ಮೊದಲೇ ಏರಿರುತ್ತದೆ, ಮತ್ತೆ ಲ್ಯಾಕ್ಟೇಟ್ ಏಕೆ?” ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ಬಾಟಲಿಯಲ್ಲಿರುವುದು ಲ್ಯಾಕ್ಟಿಕ್ ಆಮ್ಲವಲ್ಲ, ಸೋಡಿಯಂ ಲ್ಯಾಕ್ಟೇಟ್. ಲಿವರ್ ಅದನ್ನು ಬೈಕಾರ್ಬನೇಟ್ ಮಾಡುತ್ತದೆ. ಪೊಟ್ಯಾಸಿಯಂ ಬರೀ 4, ಅದಕ್ಕೂ ಹೆದರಬೇಕಿಲ್ಲ.

ಫ್ರೀ ರ್‍ಯಾಡಿಕಲ್ ವಿಷಯ ಇಲ್ಲೇ ಬಂದು ಸೇರುತ್ತದೆ. ಲ್ಯಾಕ್ಟೇಟ್‌ಗೆ ಎಲ್ ಮತ್ತು ಡಿ ಎಂಬ ಎರಡು ರೂಪ, ಎಡಗೈ ಬಲಗೈ ಇದ್ದ ಹಾಗೆ. ನಮ್ಮ ದೇಹದ್ದು ಎಲ್. ಹಳೆಯ ಆರ್‌ಎಲ್‌ನಲ್ಲಿ ಎರಡೂ ಬೆರೆತಿರುತ್ತಿದ್ದವು. 1990ರ ದಶಕದ ಪ್ರಯೋಗಗಳಲ್ಲಿ ಡಿ ರೂಪವು ಬಿಳಿ ರಕ್ತಕಣಗಳನ್ನು ಕೆರಳಿಸಿ, ಅವು ಸೂಪರ್‌ಆಕ್ಸೈಡ್ ಉಗುಳುವಂತೆ ಮಾಡುವುದು ಕಂಡಿತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಡಿ ರೂಪ ತೆಗೆಯಲು ಶಿಫಾರಸು ಮಾಡಿತು. ಉಳಿಸಲು ಏರಿಸುವ ದ್ರವವೇ ಉರಿಗೆ ಎಣ್ಣೆಯಾಗಬಹುದು ಎಂಬುದು ನನಗೆ ಈ ಇಡೀ ವಿಷಯದಲ್ಲಿ ಬೆರಗು ಹುಟ್ಟಿಸಿದ ಸಂಗತಿ. ಆಂಟಿಆಕ್ಸಿಡೆಂಟ್ ಸೇರಿಸುವ ಯೋಚನೆಗಿಂತ ಮೊದಲು, ಆಕ್ಸಿಡೆಂಟ್ ಹೆಚ್ಚಿಸುವುದನ್ನು ನಿಲ್ಲಿಸಬೇಕಲ್ಲವೇ?

ಕರ್ನಾಟಕದಲ್ಲಿ ಆರ್‌ಎಲ್ ಹೆಸರು ಕೇಳಿದರೆ ಈಗ ಬೇರೆಯದೇ ಭಯ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ, ಅವರಿಗೆ ಏರಿಸಿದ್ದ ಆರ್‌ಎಲ್ ಮೇಲೆ ಅನುಮಾನ ಬಿದ್ದು, ಆ ತಯಾರಕರ ದ್ರಾವಣದ ಬಳಕೆಯನ್ನು ಸರ್ಕಾರ ನಿಲ್ಲಿಸಿತು. ಅಲ್ಲಿ ಎದ್ದ ಪ್ರಶ್ನೆ ಒಂದು ಪೂರೈಕೆಯ ಗುಣಮಟ್ಟದ್ದು, ಆರ್‌ಎಲ್ ಎಂಬ ಸಂಯೋಜನೆಯದ್ದಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ಮಸುಕಿದೆಯೇ, ಕಣ ತೇಲುತ್ತಿದೆಯೇ ನೋಡುವುದು, ಬ್ಯಾಚ್ ನಂಬರನ್ನು ಕೇಸ್‌ಶೀಟಿನಲ್ಲಿ ಬರೆಯುವುದು ಎಷ್ಟೇ ಗಡಿಬಿಡಿಯಿದ್ದರೂ ಹತ್ತು ಸೆಕೆಂಡಿನ ಕೆಲಸ. ಬರಿಗಣ್ಣಿಗೆ ಎಲ್ಲ ದೋಷವೂ ಕಾಣದು, ಅದೂ ನಿಜ.

ದೊಡ್ಡ ಅಧ್ಯಯನಗಳೇನು ಹೇಳುತ್ತವೆ? 2018ರ ಸ್ಮಾರ್ಟ್ ಅಧ್ಯಯನದ 15,802 ಐಸಿಯು ರೋಗಿಗಳಲ್ಲಿ ಸಾವು ಅಥವಾ ಕಿಡ್ನಿ ತೊಂದರೆ ಸಲೈನ್ ಗುಂಪಿನಲ್ಲಿ 15.4%, ಆರ್‌ಎಲ್ ಅಥವಾ ಅದರಂಥದೇ ಆದ ಪ್ಲಾಸ್ಮಾಲೈಟ್ ಗುಂಪಿನಲ್ಲಿ 14.3%. ಆಮೇಲೆ ಬಂದ ಬೇಸಿಕ್ಸ್ ಮತ್ತು ಪ್ಲಸ್ ಅಧ್ಯಯನಗಳಲ್ಲಿ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನನ್ನ ಆಯ್ಕೆ: ರಕ್ತಸ್ರಾವಕ್ಕೆ ಆರ್‌ಎಲ್, ತಲೆ ಪೆಟ್ಟಿದ್ದರೆ ಎನ್‌ಎಸ್. ಆರ್‌ಎಲ್ ರಕ್ತಕ್ಕಿಂತ ಸ್ವಲ್ಪ ತೆಳು, ಮಿದುಳಿನ ಬಾವು ಹೆಚ್ಚಿಸುವ ಅಳುಕಿದೆ. ಕಪಾಟಿನಲ್ಲಿ ಎನ್‌ಎಸ್ ಮಾತ್ರ ಇದೆಯೇ? ಅದನ್ನೇ ಹಾಕಿ, ಆದರೆ ಒಂದು ಲೀಟರ್ ದಾಟುವ ಮುಂಚೆ ರಕ್ತ ಎಲ್ಲಿಗೆ ಬಂತು ಎಂದು ಕೇಳಿ. ಪ್ಲಾಸ್ಮಾಲೈಟ್ ಒಳ್ಳೆಯದೇ, ಆದರೆ ಬೆಲೆ ಹೆಚ್ಚು. ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ.

ಬಾಟಲಿಗಿಂತ ಸೂಜಿ ಮುಖ್ಯ ಎಂಬುದನ್ನೂ ಇಲ್ಲೇ ಸೇರಿಸುತ್ತೇನೆ. ಸಪೂರದ ಗುಲಾಬಿ ಕ್ಯಾನ್ಯುಲಾದಲ್ಲಿ (ನಾಳಕ್ಕೆ ಚುಚ್ಚಿಡುವ ಕೊಳವೆ) ಯಾವ ದ್ರವವೂ ಹೊತ್ತಿಗೆ ಸರಿಯಾಗಿ ಒಳಗೆ ಹೋಗದು. ಎರಡೂ ಕೈಗೆ ಅದಕ್ಕಿಂತ ದಪ್ಪದ ಹಸಿರು, ಸಾಧ್ಯವಿದ್ದರೆ ಬೂದು ಬಣ್ಣದ್ದು.

ಕೊಲಾಯ್ಡ್‌ಗಳು

ದೊಡ್ಡ ಅಣುಗಳನ್ನು ಬೆರೆಸಿದ ದ್ರಾವಣಗಳಿವು, ಬೇಗ ಮುಗಿಸಬಹುದು. ಪಿಷ್ಟದಿಂದ ಮಾಡಿದ ಹೆಟಾಸ್ಟಾರ್ಚ್ ಬಗೆಯ ದ್ರಾವಣಗಳು 2012ರ ಅಧ್ಯಯನಗಳಲ್ಲಿ ಕಿಡ್ನಿಗೆ ಕೇಡೆಂದು ಗೊತ್ತಾದವು. 2022ರಲ್ಲಿ ಯುರೋಪಿನ ಔಷಧ ಸಂಸ್ಥೆ ಅವನ್ನು ಮಾರುಕಟ್ಟೆಯಿಂದ ತಡೆಹಿಡಿಯಲು ಹೇಳಿತು. ಜೆಲಾಟಿನ್‌ನಿಂದ ಅಲರ್ಜಿ, ಹೆಪ್ಪುಗಟ್ಟುವುದಕ್ಕೂ ಅಡ್ಡಿ. ರಕ್ತದಲ್ಲೇ ಇರುವ ಆಲ್ಬುಮಿನ್ ಎಂಬ ಪ್ರೋಟೀನಿನ ವಿಶೇಷವೆಂದರೆ ಅದು ತಾನೇ ಆಂಟಿಆಕ್ಸಿಡೆಂಟ್. ಅದರಲ್ಲಿರುವ ಗಂಧಕದ ಗುಂಪು ರಕ್ತದಲ್ಲಿ ಫ್ರೀ ರ್‍ಯಾಡಿಕಲ್‌ಗಳನ್ನು ಹಿಡಿಯುವ ಮುಖ್ಯ ಕೈಗಳಲ್ಲೊಂದು. ಅಷ್ಟಿದ್ದೂ 2004ರ ಸೇಫ್ ಅಧ್ಯಯನದ ಸುಮಾರು 7,000 ರೋಗಿಗಳಲ್ಲಿ ಸಲೈನ್‌ಗಿಂತ ಅದು ಹೆಚ್ಚೇನೂ ಜೀವ ಉಳಿಸಲಿಲ್ಲ, ತಲೆ ಪೆಟ್ಟಿದ್ದವರಲ್ಲಿ ಸಾವು ಹೆಚ್ಚೇ ಆಯಿತು.

ರಕ್ತಕ್ಕೆ ರಕ್ತವೇ

ಸಲೈನ್ ಆಮ್ಲಜನಕ ಹೊರುವುದಿಲ್ಲ, ಹೆಪ್ಪುಗಟ್ಟಿಸುವುದಿಲ್ಲ. ಅದು ರಕ್ತ ಬರುವವರೆಗಿನ ಹೊತ್ತು ದೂಡುವ ಉಪಾಯ. ಕೆಂಪುಕಣ, ಪ್ಲಾಸ್ಮಾ (ರಕ್ತದ ದ್ರವಭಾಗ), ಪ್ಲೇಟ್‌ಲೆಟ್‌ಗಳನ್ನು ಸಮಪ್ರಮಾಣದಲ್ಲಿ ಕೊಡುವುದಕ್ಕೂ ಕೆಂಪುಕಣ ಎರಡು ಪಟ್ಟು ಕೊಡುವುದಕ್ಕೂ ಹೋಲಿಸಿದ 2015ರ ಪ್ರಾಪರ್ ಅಧ್ಯಯನದಲ್ಲಿ (680 ಮಂದಿ) ಒಟ್ಟು ಸಾವಿನ ವ್ಯತ್ಯಾಸ ಖಚಿತವಾಗಲಿಲ್ಲ. ಆದರೆ ಮೊದಲ 24 ಗಂಟೆಯಲ್ಲಿ ರಕ್ತ ಸುರಿದೇ ಸತ್ತವರು ಸಮಪ್ರಮಾಣದ ಗುಂಪಿನಲ್ಲಿ 9.2%, ಇನ್ನೊಂದರಲ್ಲಿ 14.6%.

ಪ್ಲಾಸ್ಮಾ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವೇ ಇದೆ. ರಕ್ತನಾಳದ ಒಳಗೋಡೆಗೆ ಪಾಚಿಯಂತೆ ಅಂಟಿರುವ ಗ್ಲೈಕೊಕ್ಯಾಲಿಕ್ಸ್ ಎಂಬ ಪದರ ಶಾಕ್‌ನಲ್ಲಿ ಕಳಚುತ್ತದೆ. ಪ್ರಾಣಿ ಪ್ರಯೋಗಗಳಲ್ಲಿ ಪ್ಲಾಸ್ಮಾ ಅದನ್ನು ಮತ್ತೆ ಕಟ್ಟಿತು, ಆರ್‌ಎಲ್ ಕಟ್ಟಲಿಲ್ಲ. ಜೊತೆಗೆ ಪ್ಲಾಸ್ಮಾದಲ್ಲಿ ಆಲ್ಬುಮಿನ್ ಇದೆ, ಯೂರಿಕ್ ಆಮ್ಲ ಇದೆ. ಅಂದರೆ ನಿಸರ್ಗವೇ ಬೆರೆಸಿಟ್ಟ ಆಂಟಿಆಕ್ಸಿಡೆಂಟ್ ಮಿಶ್ರಣ. ತೊಡಕು ಏನೆಂದರೆ ಮಂಜುಗಡ್ಡೆಯಂತೆ ಗಡ್ಡೆಕಟ್ಟಿಸಿಟ್ಟ ಪ್ಲಾಸ್ಮಾ, ಅಂದರೆ ಎಫ್‌ಎಫ್‌ಪಿ ಕರಗಲು ಅರ್ಧ ಗಂಟೆ ಬೇಕು. ತಾಲ್ಲೂಕು ಆಸ್ಪತ್ರೆಯ ರಕ್ತ ಶೇಖರಣಾ ಘಟಕದಲ್ಲಿ ಅದು ಇಲ್ಲದಿರುವುದೇ ಹೆಚ್ಚು. ಅಲ್ಲಿ ಬೇರ್ಪಡಿಸದ ಇಡೀ ರಕ್ತ ಸಿಕ್ಕರೆ ಹಳೆಯ ಪದ್ಧತಿ ಎಂದು ಮೂಗು ಮುರಿಯಬೇಡಿ. ಕಣ, ಪ್ಲಾಸ್ಮಾ ಎರಡೂ ಒಂದೇ ಚೀಲದಲ್ಲಿವೆ, ಸೇನಾ ವೈದ್ಯರು ಮತ್ತೆ ಅದಕ್ಕೇ ಮರಳಿದ್ದಾರೆ.

ಎರಡು ಎಚ್ಚರಿಕೆ. ರಕ್ತ ಹೋಗುತ್ತಿರುವ ಲೈನಿನಲ್ಲೇ ಆರ್‌ಎಲ್ ಬಿಡಬೇಡಿ, ಅದರ ಕ್ಯಾಲ್ಸಿಯಂಗೂ, ರಕ್ತ ಹೆಪ್ಪುಗಟ್ಟದಂತೆ ಚೀಲದಲ್ಲಿ ಹಾಕಿರುವ ಸಿಟ್ರೇಟ್‌ಗೂ ಆಗಿಬರುವುದಿಲ್ಲ, ಟ್ಯೂಬಿನಲ್ಲೇ ಹೆಪ್ಪು ಕಟ್ಟೀತು. ಅದೇ ಸಿಟ್ರೇಟ್ ರೋಗಿಯ ಕ್ಯಾಲ್ಸಿಯಂ ಅನ್ನೂ ನುಂಗುತ್ತದೆ. ಚೀಲದ ಮೇಲೆ ಚೀಲ ಹೋಗುತ್ತಿದ್ದರೆ ಬೇರೆ ಲೈನಿನಲ್ಲಿ ಕ್ಯಾಲ್ಸಿಯಂ ಕೊಡಲು ಮರೆಯಬಾರದು.

ವಿಟಮಿನ್ ಕೇಳುವವರು ಮೊದಲು ಕೇಳಬೇಕಾದ ಔಷಧ ಟ್ರಾನೆಕ್ಸಾಮಿಕ್ ಆಮ್ಲ. ಜಪಾನಿನ ಉತಾಕೊ ಮತ್ತು ಶೊಸುಕೆ ಒಕಾಮೊಟೊ ದಂಪತಿ 1960ರ ದಶಕದಲ್ಲಿ ಕೊಟ್ಟ ಈ ಅಗ್ಗದ ಔಷಧ ಕಟ್ಟಿದ ಹೆಪ್ಪು ಕರಗದಂತೆ ಕಾಯುತ್ತದೆ. 2010ರ ಕ್ರ್ಯಾಷ್-2 ಅಧ್ಯಯನದಲ್ಲಿ ಭಾರತವೂ ಸೇರಿ 40 ದೇಶಗಳ 20,211 ಗಾಯಾಳುಗಳಿದ್ದರು. ಸಾವು 16%ರಿಂದ 14.5%ಕ್ಕೆ ಇಳಿಯಿತು. 10 ನಿಮಿಷದಲ್ಲಿ 1 ಗ್ರಾಂ, ನಂತರ 8 ಗಂಟೆಯಲ್ಲಿ ಇನ್ನೊಂದು ಗ್ರಾಂ. ಪೆಟ್ಟು ಬಿದ್ದು 3 ಗಂಟೆ ಕಳೆದಿದ್ದರೆ ಕೊಡಬಾರದು, ಆಗ ರಕ್ತಸ್ರಾವದ ಸಾವು ಹೆಚ್ಚೇ ಆಗಿತ್ತು. ಆದ್ದರಿಂದ ಬಂದವರನ್ನು ಕೇಳುವ ಮೊದಲ ಪ್ರಶ್ನೆ “ಎಷ್ಟೊತ್ತಿಗೆ ಆಯ್ತು?”

ಈಗ ಆಂಟಿಆಕ್ಸಿಡೆಂಟ್‌ಗಳು

ಇಲಿಗಳಲ್ಲಿ ಎಲ್ಲವೂ ಕೆಲಸ ಮಾಡಿದೆ. ವಿಟಮಿನ್ ಸಿ, ವಿಟಮಿನ್ ಇ, ಎನ್-ಅಸಿಟೈಲ್‌ಸಿಸ್ಟೀನ್, ಮೆಲಟೋನಿನ್ ಹೀಗೆ ಯಾವುದನ್ನು ಕೊಟ್ಟರೂ ಇಲಿಯ ಕರುಳು, ಶ್ವಾಸಕೋಶ ಕಡಿಮೆ ಕೆಟ್ಟವು. ಮನುಷ್ಯರಲ್ಲಿ ಏಕೆ ಇಲ್ಲ? ಪ್ರಯೋಗದ ಬಗೆ ನೋಡಿದರೆ ಅರ್ಥವಾಗುತ್ತದೆ. ಅರಿವಳಿಕೆ ಕೊಟ್ಟ, ಹರೆಯದ, ಕಾಯಿಲೆಯಿಲ್ಲದ ಇಲಿಯಿಂದ ಕೊಳವೆಯ ಮೂಲಕ ಅಳೆದು ರಕ್ತ ತೆಗೆಯುತ್ತಾರೆ, ಬಿಪಿಯನ್ನು ಒಂದು ಮಟ್ಟದಲ್ಲಿ ಹಿಡಿದಿಡುತ್ತಾರೆ, ಆಮೇಲೆ ತೆಗೆದ ರಕ್ತವನ್ನೇ ಮರಳಿಸುತ್ತಾರೆ. ಔಷಧವನ್ನು ಕೊಡುವುದು ಹಲವು ಸಲ ರಕ್ತ ಮರಳಿಸುವ ಮೊದಲೇ ಅಥವಾ ಅದರ ಜೊತೆಗೇ. ಅಲ್ಲಿ ತೂತೇ ಇಲ್ಲ! ಸಮಯವೂ ನಮ್ಮ ಕೈಯಲ್ಲಿ. ಹಾಸನದ ಘಾಟಿಯಲ್ಲಿ ಬಿದ್ದವನಿಗೆ ಫ್ರೀ ರ್‍ಯಾಡಿಕಲ್‌ಗಳ ಹಾವಳಿಗೆ ಬೇಕಾದ ಸರಕು 108 ಬರುವ ಮುಂಚೆಯೇ ಗುಡ್ಡೆ ಬಿದ್ದಿರುತ್ತದೆ.

ಆರ್‌ಎಲ್‌ಗೇ ಆಂಟಿಆಕ್ಸಿಡೆಂಟ್ ಬೆರೆಸುವ ಜಾಣ ಯತ್ನವೂ ನಡೆದಿದೆ. ಲ್ಯಾಕ್ಟೇಟ್ ಜಾಗದಲ್ಲಿ ಈಥೈಲ್ ಪೈರುವೇಟ್ ಹಾಕಿದ ರಿಂಗರ್ಸ್ ದ್ರಾವಣ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಈಥೈಲ್ ಪೈರುವೇಟ್ ಪರೀಕ್ಷಿಸಿದಾಗ ಲಾಭ ಕಾಣಲಿಲ್ಲ.

ಮನುಷ್ಯರಲ್ಲಿ ಆಸೆ ಉಳಿಸುವ ಪುರಾವೆ ಎರಡು. 2000ದಲ್ಲಿ ಜಪಾನಿನ ತನಾಕಾ ತಂಡ ತೀವ್ರ ಸುಟ್ಟಗಾಯದ 37 ಮಂದಿಯಲ್ಲಿ ಕೆಲವರಿಗೆ ತೂಕದ ಕಿಲೋಗೆ ಗಂಟೆಗೆ 66 ಮಿಲಿಗ್ರಾಂ ವಿಟಮಿನ್ ಸಿ ಕೊಟ್ಟಿತು. ಅವರಿಗೆ ಬೇಕಾದ ದ್ರವ ಗಣನೀಯವಾಗಿ ತಗ್ಗಿತು. 60 ಕಿಲೋದವನಿಗೆ ಲೆಕ್ಕ ಹಾಕಿ: ದಿನಕ್ಕೆ 95 ಗ್ರಾಂ! ದಿನನಿತ್ಯದ ಅಗತ್ಯ ಸುಮಾರು 80 ಮಿಲಿಗ್ರಾಂ. ನೆಲ್ಲಿಕಾಯಿ ರಸ ಕುಡಿಸುವ ಮಾತು ಇದಲ್ಲ. 2002ರಲ್ಲಿ ಸಿಯಾಟಲ್‌ನಲ್ಲಿ, ಬಹುಪಾಲು ಅಪಘಾತದ ಗಾಯಾಳುಗಳೇ ಇದ್ದ 595 ಐಸಿಯು ರೋಗಿಗಳಲ್ಲಿ ವಿಟಮಿನ್ ಇ ಮತ್ತು ಸಿ ಕೊಟ್ಟಾಗ ಬಹು ಅಂಗಾಂಗ ವೈಫಲ್ಯ ಅರ್ಧಕ್ಕಿಂತ ಕಡಿಮೆಯಾಯಿತು. ಇದನ್ನು ತಳ್ಳಿಹಾಕಲಾರೆ. ಆದರೆ ಇದು ರಕ್ತ ನಿಂತು, ಐಸಿಯು ಸೇರಿದ ನಂತರದ ಕತೆ. ಬಾಗಿಲಲ್ಲಿ ಬಿಪಿ 60 ಇರುವವನ ಕತೆಯಲ್ಲ.

ಎದುರು ತಕ್ಕಡಿಯಲ್ಲಿ 2013ರ ರೆಡಾಕ್ಸ್ ಅಧ್ಯಯನ. 1,223 ರೋಗಿಗಳಲ್ಲಿ ಸೆಲೆನಿಯಂ, ಸತು, ವಿಟಮಿನ್ ಸಿ, ಇ ಎಲ್ಲ ಸೇರಿಸಿ ಕೊಟ್ಟರೂ ಸಾವು ತಗ್ಗಲಿಲ್ಲ. 2022ರ ಲೋವಿಟ್‌ನಲ್ಲಿ ಸೋಂಕಿನ ಶಾಕ್ ರೋಗಿಗಳಿಗೆ ವಿಟಮಿನ್ ಸಿ ಕೊಟ್ಟಾಗ ಸಾವು ಅಥವಾ ಉಳಿದುಹೋದ ಅಂಗಾಂಗ ವೈಫಲ್ಯ 44.5%, ಕೊಡದವರಲ್ಲಿ 38.5%. ಸೋಂಕಿನ ಶಾಕ್ ಬೇರೆ, ರಕ್ತಸ್ರಾವದ ಶಾಕ್ ಬೇರೆ, ಒಪ್ಪೋಣ. ಆದರೆ “ವಿಟಮಿನ್ ತಾನೇ, ಹಾನಿಯೇನು” ಎಂಬ ಮಾತಿಗೆ ಅಷ್ಟು ಸಾಕು. ದೊಡ್ಡ ಪ್ರಮಾಣದ ವಿಟಮಿನ್ ಸಿ ಕಿಡ್ನಿಯಲ್ಲಿ ಆಕ್ಸಲೇಟ್ ಹರಳಾಗಬಹುದು, ಜಿ6ಪಿಡಿ ಎಂಬ ಕಿಣ್ವದ ಕೊರತೆಯವರಲ್ಲಿ ಕೆಂಪುಕಣ ಒಡೆಯಬಹುದು. ಕೆಲವು ಗ್ಲುಕೋಮೀಟರ್‌ಗಳು ಅದನ್ನೇ ಸಕ್ಕರೆಯೆಂದು ಓದಿ ಸುಳ್ಳು ಅಂಕಿ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಗತಿಯೇನು?

ಹೀಗಾಗಿ ನನ್ನ ಕ್ಯಾಶುವಾಲ್ಟಿಯ ಟ್ರೇನಲ್ಲಿ ವಿಟಮಿನ್ ಸಿ ಇಲ್ಲ. ಐಸಿಯುನಲ್ಲಿ ಪೋಷಣೆಯ ಭಾಗವಾಗಿ ಸಾಧಾರಣ ಪ್ರಮಾಣದಲ್ಲಿ ಕೊಟ್ಟರೆ ಜಗಳ ತೆಗೆಯುವುದಿಲ್ಲ.

ಎದುರಿಗೆ ಬಂದಾಗ

ತೊಡೆಮೂಳೆ ಮುರಿದು, ನಾಡಿ 130, ಬಿಪಿ 84 ಇರುವ ಹರೆಯದವ: ಗಾಯ ಒತ್ತಿ ಹಿಡಿದು, ಸೊಂಟಕ್ಕೆ ಬಟ್ಟೆ ಬಿಗಿದು, ಟ್ರಾನೆಕ್ಸಾಮಿಕ್ ಆಮ್ಲ, ಬೆಚ್ಚಗಿನ ಆರ್‌ಎಲ್ 250ರಂತೆ, ಅಷ್ಟರಲ್ಲಿ ಬ್ಲಡ್ ಬ್ಯಾಂಕಿಗೆ ಫೋನ್. ಗುಂಪು ಗೊತ್ತಾಗುವವರೆಗೆ ಗಂಡಸಿಗೆ ಓ ಪಾಸಿಟಿವ್ ನಡೆಯುತ್ತದೆ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಗಳಿಗೆ ಓ ನೆಗೆಟಿವ್ ಹುಡುಕಬೇಕು.

ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ಕೈ ಮೊದಲು ಹೋಗಬೇಕಾದದ್ದು ಗರ್ಭಕೋಶ ಉಜ್ಜಲು, ಆಕ್ಸಿಟೋಸಿನ್ ಕೊಡಲು. ಟ್ರಾನೆಕ್ಸಾಮಿಕ್ ಆಮ್ಲಕ್ಕೆ ಇಲ್ಲೂ 3 ಗಂಟೆಯ ಗಡುವೇ. 2017ರ ವುಮನ್ ಅಧ್ಯಯನದ 20,060 ತಾಯಂದಿರಲ್ಲಿ ಅದು ಖಚಿತವಾಯಿತು. ಬಾಣಂತಿಯ ಮೈ ಬಹಳ ಹೊತ್ತು ತಡೆದುಕೊಂಡು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಬಿಪಿ ಚೆನ್ನಾಗಿದೆ ಎಂದು ಕಾಯಬೇಡಿ.

ಬಿಪಿ ಮಾತ್ರೆಯಾಗಿ, ನಾಡಿಯನ್ನೂ ತಗ್ಗಿಸಿಡುವ ಅಟೆನೊಲಾಲ್ ನುಂಗುವ ಅಜ್ಜನ ನಾಡಿ ಶಾಕ್‌ನಲ್ಲೂ 80 ದಾಟದಿರಬಹುದು. ಅವರ ದಿನನಿತ್ಯದ ಬಿಪಿ 150 ಆಗಿದ್ದರೆ ಈಗಿನ 105 ಶಾಕೇ.

ಮನೆಯವರಿಗೆ ಎರಡು ಮಾತು. ದಾರಿಯಲ್ಲಿ ಎಳನೀರು, ಜ್ಯೂಸ್ ಕುಡಿಸಬೇಡಿ, ಆಪರೇಷನ್‌ಗೆ ಅರಿವಳಿಕೆ ಕೊಡುವಾಗ ಅದು ಶ್ವಾಸಕೋಶಕ್ಕೆ ಇಳಿದೀತು. ಒಗೆದ ಪಂಚೆಯೋ ಟವಲೋ ಮಡಿಸಿ ಗಾಯದ ಮೇಲೆ ಮೈಭಾರ ಹಾಕಿ ಒತ್ತಿ, ಹೇಗಿದೆ ಅಂತ ಎತ್ತೆತ್ತಿ ನೋಡಬೇಡಿ. 108ಕ್ಕೆ ಕರೆ ಮಾಡಿ, ಪೆಟ್ಟಾದ ಸಮಯವನ್ನು ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿ. ಜೊತೆಗೆ ಬರುವ ಹತ್ತು ಜನ ವಾರ್ಡಿನ ಹೊರಗೆ ನಿಲ್ಲುವ ಬದಲು, ಅವರಲ್ಲಿ ನಾಲ್ಕು ಜನ ಬ್ಲಡ್ ಬ್ಯಾಂಕಿನ ಮುಂದೆ ರಕ್ತ ಕೊಡಲು ತೋಳು ಚಾಚಿ ಕೂತರೆ ನಮಗೆ ಎಷ್ಟೋ ಅನುಕೂಲ.